ಕಾಳು ತಿಂದರೆ ಗ್ಯಾಸ್ ಯಾಕೆ, ಕಡಿಮೆ ಮಾಡುವುದು ಹೇಗೆ?

ಕಾಳು ತಿಂದ ದಿನ ಹೊಟ್ಟೆ ಗುಡುಗುಡು ಅನ್ನುವುದು ಯಾರಿಗೆ ಗೊತ್ತಿಲ್ಲ ಹೇಳಿ. ಊಟವಾಗಿ ನಾಲ್ಕೈದು ಗಂಟೆ ಕಳೆಯುವ ಹೊತ್ತಿಗೆ ಹೊಟ್ಟೆ ಬಿಗಿಯಾಗುತ್ತದೆ. ಒಳಗೆ ಏನೋ ಓಡಾಡಿದ ಹಾಗಾಗುತ್ತದೆ. ಜನರ ನಡುವೆ ಕೂತಿದ್ದರಂತೂ ಫಜೀತಿ. ಇದಕ್ಕೆ ಹೆದರಿ ಕಾಳನ್ನೇ ಬಿಟ್ಟವರಿದ್ದಾರೆ. ನಾನೂ ಕೆಲವು ವರ್ಷ ಬಿಟ್ಟಿದ್ದೆ. ಬಿಡುವ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ನನ್ನ ತಪ್ಪು ಎರಡೇ. ನೆನೆಸಿದ ನೀರಲ್ಲೇ ಕಾಳು ಬೇಯಿಸುತ್ತಿದ್ದೆ. ಮತ್ತೆ, ತಿಂಗಳಿಗೊಮ್ಮೆ ನೆನಪಾದಾಗ ಒಂದೇ ಸಲಕ್ಕೆ ದೊಡ್ಡ ಬಟ್ಟಲು ಖಾಲಿ ಮಾಡುತ್ತಿದ್ದೆ.

ಕೆಳಗೆ ಬರೆದಿರುವ ಹೆಜ್ಜೆಗಳು ಹೆಚ್ಚುಕಡಿಮೆ ಈ ಎರಡು ತಪ್ಪುಗಳ ಸುತ್ತಲೇ ಸುತ್ತುತ್ತವೆ. ಅದಕ್ಕೂ ಮೊದಲು ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಿಬಿಡೋಣ. ಅದು ಗೊತ್ತಾದರೆ ಯಾವ ಉಪಾಯ ಕೆಲಸ ಮಾಡುತ್ತದೆ, ಯಾವುದು ಸುಮ್ನೆ ಮಾತು ಅಂತ ನೀವೇ ಹೇಳಬಹುದು.

ಯಾವ ಸಕ್ಕರೆ, ಯಾಕೆ ಜೀರ್ಣವಾಗುವುದಿಲ್ಲ

ಕಾಳು ಅಂದ ಕೂಡಲೇ ಪ್ರೋಟೀನ್ ನೆನಪಾಗುತ್ತದೆ. ಪಿಷ್ಟ, ನಾರು ಇರುವುದೂ ಗೊತ್ತು. ಇವುಗಳ ನಡುವೆ ಸದ್ದಿಲ್ಲದೆ ಕೂತಿರುವ ಇನ್ನೊಂದು ಪುಟ್ಟ ಗುಂಪಿದೆ. ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಅಂತ ಅವುಗಳ ಹೆಸರು. ಮೂರೂ ಸಕ್ಕರೆಗಳೇ, ಆದರೆ ನಾಲಿಗೆಗೆ ಅಂಥ ಸಿಹಿಯೇನೂ ಅನ್ನಿಸುವುದಿಲ್ಲ.

ಹೆಸರು ದೊಡ್ಡದಾದರೂ ರಚನೆ ಸರಳ. ನಾವು ದಿನಾ ಬಳಸುವ ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ತುಂಡುಗಳು ಜೋಡಿಯಾಗಿರುತ್ತವೆ. ಆ ಜೋಡಿಗೆ ಗ್ಯಾಲಕ್ಟೋಸ್ ಎಂಬ ಇನ್ನೊಂದು ತುಂಡನ್ನು ಕೊಕ್ಕೆ ಹಾಕಿ ಸಿಕ್ಕಿಸಿದರೆ ರಾಫಿನೋಸ್. ಎರಡು ಸಿಕ್ಕಿಸಿದರೆ ಸ್ಟಾಕಿಯೋಸ್. ಮೂರಾದರೆ ವರ್ಬಾಸ್ಕೋಸ್. ರೈಲಿಗೆ ಬೋಗಿ ಸೇರಿಸುತ್ತಾ ಹೋದ ಹಾಗೆ.

ತೊಂದರೆ ಇರುವುದು ಆ ಕೊಕ್ಕೆಯಲ್ಲಿ. ಅದನ್ನು ಬಿಡಿಸಲು ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ನಮ್ಮ ಸಣ್ಣ ಕರುಳಿನಲ್ಲಿ ಆಹಾರ ಜೀರ್ಣ ಮಾಡಲು ಈ ಕಿಣ್ವ ಸುರಿಯುವುದೇ ಇಲ್ಲ. ಹಾಲಿನ ವಿಷಯ ಬೇರೆ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಕೆಲವರಿಗೆ ಜೀರ್ಣವಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಕಾಳಿನ ಈ ಸಕ್ಕರೆ ಮಾತ್ರ ಯಾರಿಗೂ ಜೀರ್ಣವಾಗುವುದಿಲ್ಲ. ಪೈಲ್ವಾನನಿಗೂ ಅಷ್ಟೇ, ಮಗುವಿಗೂ ಅಷ್ಟೇ. ಹಾಗಾಗಿ ಕಾಳು ತಿಂದು ಗ್ಯಾಸ್ ಆಯಿತು ಅಂದರೆ ನಿಮ್ಮ ಜೀರ್ಣಶಕ್ತಿ ಕೆಟ್ಟಿದೆ ಅಂತ ಅರ್ಥವಲ್ಲ.

ಬಿಡಿಸಲಾಗದ ಸಕ್ಕರೆ ಹಾಗೇ ಮುಂದೆ ಸಾಗಿ ದೊಡ್ಡ ಕರುಳು ಸೇರುತ್ತದೆ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ನಮ್ಮಲ್ಲಿಲ್ಲದ ಕಿಣ್ವ ಅವುಗಳಲ್ಲಿ ಬಹಳಷ್ಟಕ್ಕೆ ಇದೆ. ಅವು ಈ ಸಕ್ಕರೆಯನ್ನು ಹುಳಿಸಿ ತಿನ್ನುತ್ತವೆ. ಆಗ ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತವೆ. ಕೆಲವರಲ್ಲಿ ಮೀಥೇನ್ ಕೂಡ. ಇದೇ ಗ್ಯಾಸ್. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಸ್ವಲ್ಪವನ್ನು ಬೇರೆ ಬ್ಯಾಕ್ಟೀರಿಯಾಗಳೇ ಬಳಸಿಕೊಳ್ಳುತ್ತವೆ. ಉಳಿದದ್ದು ಎಲ್ಲಿಂದ ಹೋಗಬೇಕೋ ಅಲ್ಲಿಂದ ಹೋಗುತ್ತದೆ.

ಇಷ್ಟೇ ಆಗಿದ್ದರೆ ಈ ಸಕ್ಕರೆಯನ್ನು ಪೂರ್ತಿ ತೊಲಗಿಸಿ ಅಂದುಬಿಡುತ್ತಿದ್ದೆ. ಆದರೆ ಅದೇ ಹುದುಗುವಿಕೆಯಲ್ಲಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನ ಆಮ್ಲಗಳೂ ತಯಾರಾಗುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಬೈಫಿಡೋಬ್ಯಾಕ್ಟೀರಿಯಾದಂಥ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಈ ಸಕ್ಕರೆ ಇಷ್ಟದ ಊಟ. ಹಾಗಾಗಿ ಇದನ್ನು ಸಂಪೂರ್ಣ ತೆಗೆದು ಹಾಕುವ ಹಟ ಬೇಡ. ಹೊಟ್ಟೆ ತಡೆದುಕೊಳ್ಳುವ ಮಟ್ಟಕ್ಕೆ ಇಳಿಸಿದರೆ ಸಾಕು.

ಎಷ್ಟಿರುತ್ತದೆ ಅಂತ ಕೇಳಿದರೆ, ಬಹುತೇಕ ಒಣ ಕಾಳುಗಳಲ್ಲಿ 100 ಗ್ರಾಂಗೆ ಸುಮಾರು 2ರಿಂದ 6 ಗ್ರಾಂ. ಸೋಯಾ ಈ ಪಟ್ಟಿಯಲ್ಲಿ ಮೇಲಿದೆ, ಅದರಲ್ಲಿ ಸ್ಟಾಕಿಯೋಸ್ ಜಾಸ್ತಿ. ಹೆಸರುಕಾಳು ಮತ್ತು ಬಟಾಣಿಯಲ್ಲಿ ವರ್ಬಾಸ್ಕೋಸ್ ಕೂಡ ಚೆನ್ನಾಗಿಯೇ ಇರುತ್ತದೆ. ಒಂದೇ ಕಾಳಿನಲ್ಲೂ ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಕೆಲವು ಗ್ರಾಂ ಅಷ್ಟೇ ಅಲ್ವಾ ಅನ್ನಿಸಬಹುದು. ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು, ಅದರಿಂದಲೇ ನೂರಾರು ಮಿಲಿಲೀಟರ್ ಗ್ಯಾಸ್ ಮಾಡುತ್ತವೆ.

ಮೊದಲ ಹೆಜ್ಜೆ: ನಿಜವಾದ ಅಪರಾಧಿ ಯಾರು ಅಂತ ನೋಡಿ

ಊಟ ಸಣ್ಣ ಕರುಳು ದಾಟಿ ದೊಡ್ಡ ಕರುಳು ಮುಟ್ಟಲು ಹಲವು ಗಂಟೆ ಬೇಕು. ಮಧ್ಯಾಹ್ನ ತಿಂದ ಕಾಳು ಗಲಾಟೆ ಶುರುಮಾಡುವುದು ಸಂಜೆಗೆ. ಆಗ ನಾವು ಸಂಜೆ ತಿಂದ ಬಿಸ್ಕತ್ತನ್ನೋ ಕುಡಿದ ಕಾಫಿಯನ್ನೋ ಬೈಯುತ್ತೇವೆ. ಇನ್ನೊಂದು ಕಡೆ, ಊಟ ಮಾಡಿದ ಹತ್ತೇ ನಿಮಿಷಕ್ಕೆ ಹೊಟ್ಟೆ ಉಬ್ಬಿದರೆ ಆಗಷ್ಟೇ ತಿಂದ ಕಾಳಿನ ಸಕ್ಕರೆ ಅದಕ್ಕೆ ಕಾರಣ ಆಗಲಾರದು. ಅದು ಇನ್ನೂ ಜಠರದಲ್ಲೇ ಇರುತ್ತದೆ. ಗಬಗಬ ತಿಂದು ನುಂಗಿದ ಗಾಳಿ ಕಾರಣವಾಗಿರಬಹುದು, ಅಥವಾ ಹಿಂದಿನ ಊಟ.

ಒಂದು ಚೀಟಿ ಇಟ್ಟುಕೊಳ್ಳಿ. ಎರಡು ವಾರ ಸಾಕು. ಏನು ತಿಂದಿರಿ, ಎಷ್ಟು, ಎಷ್ಟು ಹೊತ್ತಿಗೆ, ತೊಂದರೆ ಯಾವಾಗ ಶುರುವಾಯಿತು ಅಂತ ನಾಲ್ಕು ಮಾತು ಬರೆಯಿರಿ. ಕಾಳಿನ ಜೊತೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಇದ್ದವಾ ಅನ್ನುವುದನ್ನೂ ಬರೆಯಿರಿ. ಇವುಗಳಲ್ಲಿ ಫ್ರಕ್ಟಾನ್ ಎಂಬ ಬೇರೆ ಜಾತಿಯ ಜೀರ್ಣವಾಗದ ಸಕ್ಕರೆ ಇದೆ, ಅದೂ ಇದೇ ದಾರಿಯಲ್ಲಿ ಗ್ಯಾಸ್ ಮಾಡುತ್ತದೆ. ಹೆಸರು ಕೆಡುವುದು ಮಾತ್ರ ಕಾಳಿನದು.

ಎಷ್ಟು ಗ್ಯಾಸ್ ಸಹಜ ಅನ್ನುವುದೂ ಗೊತ್ತಿರಲಿ. ಆರೋಗ್ಯವಂತರು ದಿನಕ್ಕೆ ಹತ್ತರಿಂದ ಇಪ್ಪತ್ತು ಸಲ ಹೂಸು ಬಿಡುವುದು ಮಾಮೂಲಿ. ಯಾರೂ ಎಣಿಸುವುದಿಲ್ಲ, ಅದಕ್ಕೇ ತಮ್ಮದೇ ಜಾಸ್ತಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಇನ್ನೊಂದು ಮಾತು, ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಯಾವುದಕ್ಕೂ ವಾಸನೆ ಇಲ್ಲ. ನಾತ ಬರುವುದು ತೀರಾ ಸ್ವಲ್ಪ ಇರುವ ಗಂಧಕದ ಅನಿಲಗಳಿಂದ. ಅವು ಬರುವುದು ಮುಖ್ಯವಾಗಿ ಗಂಧಕ ಇರುವ ಪ್ರೋಟೀನ್ ಮತ್ತು ಕೆಲವು ತರಕಾರಿಗಳಿಂದ. ಹಾಗಾಗಿ ಸದ್ದಿಗೆ ರಾಫಿನೋಸ್ ಹೊಣೆ, ನಾತಕ್ಕೆ ಬಹುಮಟ್ಟಿಗೆ ಬೇರೆಯವರು.

ಎರಡನೇ ಹೆಜ್ಜೆ: ನೆನೆಸಿ, ಮತ್ತೆ ಆ ನೀರನ್ನು ಚೆಲ್ಲಿ

ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ.

ಈ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಕಾಳು ನೀರು ಕುಡಿದು ಉಬ್ಬಿದ ಮೇಲೆ ಒಳಗಿನ ಸಕ್ಕರೆ ನಿಧಾನವಾಗಿ ಹೊರಗಿನ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಸಕ್ಕರೆಯೂ ಹೋಯಿತು. ಅದೇ ನೀರಲ್ಲಿ ಬೇಯಿಸಿದರೆ ಹೊರಗೆ ಬಂದದ್ದು ಮತ್ತೆ ತಟ್ಟೆಗೇ ಬಂತು. ಕೇಳಲು ಇಷ್ಟು ಸುಲಭ. ಆದರೂ ನೆನೆಸುವವರಲ್ಲಿ ಎಷ್ಟೋ ಜನ ನೀರು ಚೆಲ್ಲುವುದಿಲ್ಲ. ಸತ್ವ ಹೋಗುತ್ತದೆ ಅನ್ನುವ ಹೆದರಿಕೆ.

ಆ ಹೆದರಿಕೆಯಲ್ಲಿ ಸ್ವಲ್ಪ ಸತ್ಯ ಇದೆ. ನೀರಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ಸ್ವಲ್ಪ ಹೋಗುತ್ತವೆ. ಪ್ರೋಟೀನ್, ನಾರು ಬಹುತೇಕ ಕಾಳಲ್ಲೇ ಉಳಿಯುತ್ತವೆ. ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುವ ಫೈಟೇಟ್ ಕೂಡ ನೆನೆಸಿದಾಗ ಒಂದಿಷ್ಟು ಕಡಿಮೆಯಾಗುತ್ತದೆ. ನನ್ನ ಲೆಕ್ಕ ಇಷ್ಟೇ. ಸತ್ವ ಉಳಿಸಲು ಹೋಗಿ ಹೊಟ್ಟೆ ಕೆಡಿಸಿಕೊಂಡು, ಕೊನೆಗೆ ಕಾಳನ್ನೇ ಬಿಟ್ಟರೆ ಆ ಸತ್ವ ಯಾರಿಗೆ ಬೇಕು? ಕಾಳು ತಿಂದು ಏನೂ ಆಗದವರು ಬೇಕಾದರೆ ನೀರು ಉಳಿಸಿಕೊಳ್ಳಲಿ.

ಮಾಡುವ ಬಗೆ ಎರಡಿದೆ.

ತಣ್ಣೀರಿನ ಬಗೆ ಎಲ್ಲರಿಗೂ ಗೊತ್ತಿರುವುದೇ. ಕಾಳನ್ನು ಆರಿಸಿ, ತೊಳೆದು, ಒಂದು ಪಾಲಿಗೆ ನಾಲ್ಕೈದು ಪಾಲು ನೀರು ಹಾಕಿ 8ರಿಂದ 12 ಗಂಟೆ ಬಿಡಿ. ಕಾಳು ಮುಳುಗುವಷ್ಟು ಮಾತ್ರ ನೀರು ಹಾಕಿದರೆ ಅಷ್ಟನ್ನೂ ಅದೇ ಹೀರಿಕೊಳ್ಳುತ್ತದೆ, ಚೆಲ್ಲಲು ಏನೂ ಉಳಿಯುವುದಿಲ್ಲ. ಹಾಗಾಗಿ ದೊಡ್ಡ ಪಾತ್ರೆ ತಗೊಳ್ಳಿ. ನಡುವೆ ಒಂದು ಸಲ ನೀರು ಬದಲಿಸಿದರೆ ಇನ್ನೂ ಒಳ್ಳೆಯದು. ಸೆಕೆ ಇದ್ದರೆ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಕೊನೆಗೆ ನೀರು ಪೂರ್ತಿ ಬಸಿದು, ಒಂದೆರಡು ಸಲ ಗಲಬರಿಸಿ ತೊಳೆಯಿರಿ.

ಬಿಸಿನೀರಿನ ಬಗೆ ನನಗೆ ಹೆಚ್ಚು ಇಷ್ಟ. ಬೇಗ ಆಗುತ್ತದೆ, ಸಕ್ಕರೆಯೂ ಜಾಸ್ತಿ ಹೊರಗೆ ಬರುತ್ತದೆ. ಅಷ್ಟೇ ಧಾರಾಳ ನೀರಿನಲ್ಲಿ ಕಾಳನ್ನು ಹಾಕಿ ಕುದಿಸಿ. ಕುದಿ ಬಂದ ಮೇಲೆ 2ರಿಂದ 3 ನಿಮಿಷ ಬಿಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ ಒಂದರಿಂದ ನಾಲ್ಕು ಗಂಟೆ ಹಾಗೇ ಇರಲಿ. ಆಮೇಲೆ ಬಸಿದು ತೊಳೆಯಿರಿ. ಒಣ ಕಾಳು ಅಂದರೆ ನಿದ್ದೆ ಮಾಡುತ್ತಿರುವ ಜೀವ. ಅದರ ಜೀವಕೋಶದ ಪೊರೆ ಒಳಗಿನ ಸಕ್ಕರೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬಿಸಿ ತಾಗಿದಾಗ ಪೊರೆ ಒಡೆಯುತ್ತದೆ, ಸಕ್ಕರೆ ಸೋರಿ ಹೋಗುತ್ತದೆ. ದಪ್ಪ ಕಾಳುಗಳಿಗೆ, ಅಂದರೆ ರಾಜ್ಮಾ, ಕಡಲೆ, ಸೋಯಾಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮಸೂರದಂಥ ಸಣ್ಣ ಕಾಳಿಗೆ ಬೇಡ, ಮುದ್ದೆಯಾಗಿಬಿಡುತ್ತದೆ.

ಇವೆಲ್ಲ ಮಾಡಿದರೆ ಸಕ್ಕರೆ ಪೂರ್ತಿ ಹೋಗುತ್ತದಾ? ಇಲ್ಲ. ಕಾಳು, ನೀರು, ಸಮಯ ಹೇಗಿವೆ ಅನ್ನುವುದರ ಮೇಲೆ ಕಾಲುಭಾಗದಿಂದ ಅರ್ಧದವರೆಗೆ ಹೋಗಬಹುದು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಹೊಟ್ಟೆಗೆ ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಸೋಡಾ ಹಾಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಚಿಟಿಕೆ ಅಡುಗೆ ಸೋಡಾ ಸಿಪ್ಪೆಯನ್ನು ಬೇಗ ಮೆತ್ತಗೆ ಮಾಡುತ್ತದೆ. ಗಡಸು ನೀರು ಇರುವವರಿಗೆ ಇದರಿಂದ ಸಹಾಯ ಆಗುವುದು ನಿಜ. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳನ್ನು ಬೇಯಲು ಬಿಡುವುದಿಲ್ಲ. ಆದರೆ ಸೋಡಾ ಥಯಾಮಿನ್ ಎಂಬ ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ಜಾಸ್ತಿಯಾದರೆ ಸಾಬೂನಿನ ರುಚಿ ಬೇರೆ. ನೆನೆಸುವಾಗ ಚಿಟಿಕೆ ಹಾಕಿ, ಆ ನೀರು ಚೆಲ್ಲಿ ತೊಳೆದುಬಿಟ್ಟರೆ ಸಾಕು. ನೆನೆಸುವ ನೀರಿಗೆ ಉಪ್ಪು ಹಾಕಿದರೂ ಸಿಪ್ಪೆ ಮೆದುವಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದೇ ಇಲ್ಲ ಅನ್ನುವುದು ಬರೀ ಮಾತು. ಬೇಯುವುದನ್ನು ನಿಜವಾಗಿ ತಡೆಯುವುದು ಹುಳಿ. ಅದನ್ನು ಕಾಳು ಬೆಂದ ಮೇಲೆ ಹಾಕಿ.

ಮೂರನೇ ಹೆಜ್ಜೆ: ಹೊಸ ನೀರು, ಪೂರ್ತಿ ಬೇಯುವವರೆಗೆ

ಬೇಯಿಸಿದರೆ ಗ್ಯಾಸ್ ಸಕ್ಕರೆ ಸಾಯುತ್ತದೆ ಅಂತ ಒಂದು ನಂಬಿಕೆ ಇದೆ. ಅಡುಗೆಮನೆಯ ಬಿಸಿಗೆ ರಾಫಿನೋಸ್ ಅಷ್ಟಾಗಿ ಒಡೆಯುವುದಿಲ್ಲ. ಕುಕ್ಕರ್‌ನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಹೆಚ್ಚಿನ ಪಾಲು ಕಾಳು ಮತ್ತು ಆ ನೀರಿನಲ್ಲೇ ಇರುತ್ತದೆ. ಹಾಗಾದರೆ ಚೆನ್ನಾಗಿ ಬೇಯಿಸುವುದು ಯಾಕೆ? ಪಿಷ್ಟಕ್ಕಾಗಿ. ಅರೆಬೆಂದ ಕಾಳಿನ ಪಿಷ್ಟ ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ಅದೂ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಸಕ್ಕರೆಯ ಗ್ಯಾಸಿಗೆ ಪಿಷ್ಟದ ಗ್ಯಾಸೂ ಸೇರುತ್ತದೆ. ಕಾಳನ್ನು ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿದರೆ ಹಿಸುಕಿ ಹೋಗಬೇಕು. ಕಟಕ್ ಅಂದರೆ ಇನ್ನೂ ಬೇಯಬೇಕು.

ತುಂಬಾ ಸೂಕ್ಷ್ಮ ಹೊಟ್ಟೆಯವರು ಬೆಂದ ನೀರನ್ನೂ ಬಸಿದುಬಿಡಬಹುದು. ರುಚಿ ಸ್ವಲ್ಪ ಹೋಗುತ್ತದೆ. ನಾನು ಹಾಗೆ ಮಾಡುವುದಿಲ್ಲ, ನೆನೆಸಿದ ನೀರು ಚೆಲ್ಲುವುದಷ್ಟೇ ನನಗೆ ಸಾಕಾಗುತ್ತದೆ. ಡಬ್ಬಿಯಲ್ಲಿ ಬರುವ ಬೆಂದ ಕಾಳಿಗೂ ಇದೇ ಲೆಕ್ಕ. ತಿಂಗಳುಗಟ್ಟಲೆ ದ್ರವದಲ್ಲಿ ಮುಳುಗಿದ್ದರಿಂದ ಸಕ್ಕರೆ ಅದರೊಳಕ್ಕೆ ಇಳಿದಿರುತ್ತದೆ. ದ್ರವ ಚೆಲ್ಲಿ, ಕಾಳನ್ನು ನಲ್ಲಿ ಕೆಳಗೆ ಹಿಡಿದು ತೊಳೆದರೆ ಅದು ಮನೆಯಲ್ಲಿ ಬೇಯಿಸಿದ ಕಾಳಿಗಿಂತ ಹೊಟ್ಟೆಗೆ ಹಗುರವೇ ಆಗಿರಬಹುದು.

ಇಲ್ಲಿ ಗ್ಯಾಸಿಗೆ ಸಂಬಂಧವಿಲ್ಲದ, ಆದರೆ ಹೇಳಲೇಬೇಕಾದ ಎಚ್ಚರಿಕೆಯೊಂದಿದೆ. ಕೆಂಪು ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷದ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. 10 ನಿಮಿಷದ ಪೂರ್ತಿ ಕುದಿಗೆ ವಿಷ ನಾಶವಾಗುತ್ತದೆ, 30 ನಿಮಿಷ ಕುದಿಸಿದರೆ ನಿಶ್ಚಿಂತೆ. ಪ್ರೆಷರ್ ಕುಕ್ಕರ್‌ನಲ್ಲಿ ಬಿಸಿ 100 ಡಿಗ್ರಿ ದಾಟುವುದರಿಂದ ತೊಂದರೆ ಇಲ್ಲ. ಭಯ ಇರುವುದು ಕುದಿ ಬರದೆ ಗಂಟೆಗಟ್ಟಲೆ ಮಂದ ಬಿಸಿಯಲ್ಲಿ ಬೇಯಿಸುವ ಸ್ಲೋ ಕುಕ್ಕರ್‌ನಿಂದ. ಅದರಲ್ಲಿ ವಿಷ ಕಡಿಮೆಯಾಗುವ ಬದಲು ಹೆಚ್ಚಬಹುದು. ರಾಜ್ಮಾ ತಿಂದು ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಯಿತು ಅಂದರೆ ಅದನ್ನು ಗ್ಯಾಸ್ ಅಂದುಕೊಂಡು ಕೂರಬೇಡಿ.

ನಾಲ್ಕನೇ ಹೆಜ್ಜೆ: ಮೊಳಕೆ ಬರಿಸಿ ನೋಡಿ

ಗಿಡ ಈ ಸಕ್ಕರೆಯನ್ನು ನಮ್ಮ ಹೊಟ್ಟೆ ಕೆಡಿಸಲಿ ಅಂತ ಮಾಡಿಟ್ಟದ್ದಲ್ಲ. ಬೀಜ ಒಣಗುವಾಗ ಅದರ ಜೀವಕೋಶಗಳು ಹಾಳಾಗದಂತೆ ಕಾಯುವುದರಲ್ಲಿ ಇವುಗಳ ಪಾತ್ರ ಇದೆ. ಮುಂದೆ ಮಳೆ ಬಿದ್ದು ಮೊಳಕೆ ಒಡೆಯುವಾಗ ಸಸಿಗೆ ಬೇಕಾದ ಬುತ್ತಿಯೂ ಇದೇ. ಬುತ್ತಿ ಬಿಚ್ಚಬೇಕಲ್ಲ, ಅದಕ್ಕೆ ಬೀಜ ತಾನೇ ಆಲ್ಫಾ ಗ್ಯಾಲಕ್ಟೋಸಿಡೇಸ್ ತಯಾರಿಸಿಕೊಳ್ಳುತ್ತದೆ. ನಮ್ಮ ಕರುಳಲ್ಲಿ ಇಲ್ಲದ ಅದೇ ಕಿಣ್ವ! ನಾವು ಮಾಡಬೇಕಾದದ್ದು ಬೀಜಕ್ಕೆ ನೀರು, ಗಾಳಿ, ಎರಡು ದಿನ ಕೊಡುವುದಷ್ಟೇ. ಉಳಿದ ಕೆಲಸ ಅದೇ ಮಾಡುತ್ತದೆ.

ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ದಿನಕ್ಕೆ ಎರಡು ಮೂರು ಸಲ ತೊಳೆಯಿರಿ. 48ರಿಂದ 72 ಗಂಟೆಯಲ್ಲಿ ಹೆಚ್ಚಿನ ಕಾಳುಗಳಲ್ಲಿ ಈ ಸಕ್ಕರೆಯ ಬಹುಪಾಲು ಕರಗಿ ಹೋಗುತ್ತದೆ. ಬಿಳಿ ತುದಿ ಕಾಣಿಸಿದ ಕೂಡಲೇ ಬೇಯಿಸಿದರೆ ಅಷ್ಟು ಲಾಭ ಇಲ್ಲ, ಇನ್ನೊಂದು ದಿನ ಕಾಯಿರಿ. ಹೆಸರುಕಾಳು, ಅಲಸಂದೆ ಸುಲಭಕ್ಕೆ ಮೊಳೆಯುತ್ತವೆ. ಒಡೆದ ಬೇಳೆ ಮೊಳೆಯುವುದಿಲ್ಲ, ಹುರಿದದ್ದೂ ಅಷ್ಟೇ. ಜೀವ ಹೋಗಿರುತ್ತದೆ.

ಮೊಳಕೆಯನ್ನು ಹಸಿಯಾಗಿ ತಿನ್ನುವ ಫ್ಯಾಷನ್ ಬಗ್ಗೆ ನನ್ನ ತಕರಾರಿದೆ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವ ರೋಗಾಣುಗಳಿಗೂ ಹಬ್ಬ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕು ಹಬ್ಬಿ 50ಕ್ಕೂ ಹೆಚ್ಚು ಜನ ಸತ್ತರು. ಮೂಲ ಹುಡುಕಿದಾಗ ಸಿಕ್ಕಿದ್ದು ಮೆಂತ್ಯದ ಮೊಳಕೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೊಳಕೆ ಮುಟ್ಟದಿರುವುದೇ ಒಳ್ಳೆಯದು. ಉಳಿದವರೂ ಬೇಯಿಸಿಯೇ ತಿನ್ನಿ. ಕಿಣ್ವದ ಕೆಲಸ ಆಗಲೇ ಮುಗಿದಿರುವುದರಿಂದ ಬೇಯಿಸಿದರೆ ನಷ್ಟವೇನಿಲ್ಲ.

ರುಬ್ಬಿ ಹುದುಗು ಬರಿಸಿದರೂ ಸಕ್ಕರೆ ಕಡಿಮೆಯಾಗುತ್ತದೆ. ಕರುಳಲ್ಲಿ ಬ್ಯಾಕ್ಟೀರಿಯಾ ಮಾಡುವ ಕೆಲಸವನ್ನು ಪಾತ್ರೆಯಲ್ಲೇ ಮಾಡಿಸಿದ ಹಾಗೆ. ಹಿಟ್ಟು ಉಬ್ಬುವುದು ಅದೇ ತರಹದ ಗ್ಯಾಸಿನಿಂದ.

ಸಿಪ್ಪೆ ತೆಗೆದ ಬೇಳೆಯ ವಿಷಯ

ಬೇಳೆ ಹಗುರ, ಇಡೀ ಕಾಳು ಭಾರ ಅಂತ ಹೇಳುತ್ತಾರೆ. ಅರ್ಧ ಸರಿ. ಈ ಸಕ್ಕರೆಗಳು ಇರುವುದು ಹೆಚ್ಚಾಗಿ ಒಳಗಿನ ಬೇಳೆಯಲ್ಲೇ, ಸಿಪ್ಪೆಯಲ್ಲಿ ಅಲ್ಲ. ಸಿಪ್ಪೆ ತೆಗೆದರೆ ಹೋಗುವುದು ಒರಟು ನಾರು. ಅದರಿಂದ ಬೇಳೆ ಬೇಗ ಬೇಯುತ್ತದೆ, ಹೊಟ್ಟೆಗೆ ಮೆತ್ತಗಾಗುತ್ತದೆ. ಆದರೆ ಬೇಳೆಯನ್ನು ನಾವು ನೆನೆಸುವುದೇ ಇಲ್ಲ, ಬೆಂದ ನೀರೂ ಚೆಲ್ಲುವುದಿಲ್ಲ. ಸಕ್ಕರೆ ಪೂರ್ತಿ ಒಳಗೇ ಹೋಗುತ್ತದೆ. ಬೇಳೆ ತಿಂದರೂ ಉಬ್ಬರ ಬರುತ್ತದೆ ಅನ್ನುವವರು ಅದನ್ನೂ ಒಂದೆರಡು ಗಂಟೆ ನೆನೆಸಿ ನೀರು ಬಸಿದು ನೋಡಿ. ಒಡೆದಿರುವುದರಿಂದ ಸಕ್ಕರೆ ಬೇಗ ಹೊರಗೆ ಬರುತ್ತದೆ.

ಐದನೇ ಹೆಜ್ಜೆ: ಹೊಟ್ಟೆಗೆ ಅಭ್ಯಾಸ ಮಾಡಿಸಿ

ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಆದದ್ದು ಇದು. ಇದಕ್ಕೆ ಬೇಕಾಗುವುದು ತಾಳ್ಮೆ ಮಾತ್ರ.

ಮೊದಲ ವಾರ ಬೆಂದ ಕಾಳು ದಿನಕ್ಕೆ ಎರಡು ಚಮಚ. ಅಷ್ಟೇ. ಎರಡನೇ ವಾರ ನಾಲ್ಕು ಚಮಚ. ಹೊಟ್ಟೆ ಸುಮ್ಮನಿದ್ದರೆ ಮೂರು ನಾಲ್ಕನೇ ವಾರದಲ್ಲಿ ಅರ್ಧ ಕಪ್‌ಗೆ ಬನ್ನಿ. ನಡುವೆ ತೊಂದರೆ ಕೊಟ್ಟರೆ ಹಿಂದಿನ ವಾರದ ಅಳತೆಗೆ ಇಳಿಸಿ ಅಲ್ಲೇ ಕೆಲವು ದಿನ ನಿಲ್ಲಿ. ವಾರಕ್ಕೊಮ್ಮೆ ಎರಡು ಬಟ್ಟಲು ತಿನ್ನುವುದಕ್ಕಿಂತ ದಿನಾ ಸ್ವಲ್ಪ ತಿನ್ನುವುದು ಹೊಟ್ಟೆಗೆ ಸುಲಭ. ಊಟ ಬಂದಂತೆ ಕರುಳಿನ ಬ್ಯಾಕ್ಟೀರಿಯಾಗಳ ಗುಂಪು ಬದಲಾಗುತ್ತದೆ. ಗ್ಯಾಸ್ ಕಡಿಮೆ ಮಾಡಿ ಸಕ್ಕರೆ ತಿನ್ನುವ ಬೈಫಿಡೋದಂಥವು ಹೆಚ್ಚುತ್ತವೆ. ಯಾವಾಗಲೋ ಒಮ್ಮೆ ಬರುವ ನೆಂಟನಿಗೆ ಮನೆ ತಯಾರಿರುವುದಿಲ್ಲ, ದಿನಾ ಬರುವವನಿಗೆ ಇರುತ್ತದೆ.

ಇದು ಬರೀ ಅನುಭವದ ಮಾತಲ್ಲ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನರಿಗೆ ವಾರಗಟ್ಟಲೆ ದಿನಾ ಅರ್ಧ ಕಪ್ ಕಾಳು ಕೊಟ್ಟು ಗ್ಯಾಸ್ ಬಗ್ಗೆ ಕೇಳಿದ್ದರು. ಮೊದಲ ವಾರದಲ್ಲೂ ಗ್ಯಾಸ್ ಹೆಚ್ಚಾಯಿತು ಅಂದವರು ಅರ್ಧಕ್ಕಿಂತ ಕಡಿಮೆ. ಅಲಸಂದೆ ತಿಂದವರಲ್ಲಂತೂ ನೂರಕ್ಕೆ 19 ಜನ ಮಾತ್ರ. ಎರಡು ಮೂರು ವಾರ ಕಳೆಯುವ ಹೊತ್ತಿಗೆ ದೂರಿದವರಲ್ಲೂ ಬಹಳ ಜನಕ್ಕೆ ಮೊದಲಿನಂತಾಗಿತ್ತು. ತಮಾಷೆ ಏನೆಂದರೆ, ಕಾಳಿನ ಬದಲು ಬೇರೇನೋ ತಿಂದವರಲ್ಲೂ ಕೆಲವರು ಗ್ಯಾಸ್ ಜಾಸ್ತಿಯಾಯಿತು ಅಂದಿದ್ದರು. ಆಗುತ್ತದೆ ಅಂದುಕೊಂಡೇ ತಿಂದರೆ ಆಗಿಯೇ ತೀರುತ್ತದೆ, ಅಲ್ವಾ?

ಒಂದೇ ಕಾಳು ಎಲ್ಲರಿಗೂ ಒಂದೇ ತರಹ ಆಗುವುದಿಲ್ಲ. ಕೆಲವರ ಕರುಳಿನಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿರುತ್ತವೆ. ಅವು ನಾಲ್ಕು ಪಾಲು ಹೈಡ್ರೋಜನ್, ಒಂದು ಪಾಲು ಕಾರ್ಬನ್ ಡೈಆಕ್ಸೈಡ್ ತಗೊಂಡು ಒಂದೇ ಪಾಲು ಮೀಥೇನ್ ಮಾಡುತ್ತವೆ. ಐದು ಬಲೂನಿನ ಗ್ಯಾಸ್ ಒಂದು ಬಲೂನಿಗೆ ಇಳಿದ ಹಾಗೆ. ಇನ್ನು ಕೆಲವರಲ್ಲಿ ಗ್ಯಾಸ್ ಎಲ್ಲರಷ್ಟೇ ಇದ್ದರೂ ಕರುಳು ಅದನ್ನು ನೋವಾಗಿ ಗ್ರಹಿಸುತ್ತದೆ. ಅವರಿಗೆ ನಾಟಕ ಮಾಡ್ತೀಯ ಅನ್ನಬೇಡಿ, ನೋವು ನಿಜದ್ದೇ.

ನಿಧಾನ ಅಗಿದು ತಿನ್ನಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ನಡೆದರೆ ಗ್ಯಾಸ್ ಒಂದೇ ಕಡೆ ಸಿಕ್ಕಿಕೊಳ್ಳದೆ ಮುಂದೆ ಸಾಗುತ್ತದೆ.

ಮಾತ್ರೆ ತಗೋಬಹುದಾ?

ಆಲ್ಫಾ ಗ್ಯಾಲಕ್ಟೋಸಿಡೇಸ್ ಮಾತ್ರೆ ಅಥವಾ ಹನಿಯ ರೂಪದಲ್ಲಿ ಸಿಗುತ್ತದೆ. ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿನಿಂದ ಅದನ್ನು ತೆಗೆಯುತ್ತಾರೆ. ಊಟದ ಮೊದಲ ತುತ್ತಿನ ಜೊತೆಗೇ ತಗೋಬೇಕು. ಹೊಟ್ಟೆ ಉಬ್ಬಿದ ಮೇಲೆ ನುಂಗಿದರೆ ಏನೂ ಉಪಯೋಗ ಇಲ್ಲ, ಅಷ್ಟರಲ್ಲಿ ಸಕ್ಕರೆ ದೊಡ್ಡ ಕರುಳು ಸೇರಿರುತ್ತದೆ. ಅಡುಗೆಯಲ್ಲಿ ಹಾಕಿ ಕುದಿಸಿದರೂ ವ್ಯರ್ಥ, ಬಿಸಿಗೆ ಕಿಣ್ವ ಸಾಯುತ್ತದೆ. ಮದುವೆ ಮುಂಜಿ, ಪ್ರಯಾಣದಂಥ ದಿನಗಳಿಗೆ ಇದು ಸರಿ, ದಿನಾ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾಗದ ಗ್ಯಾಲಕ್ಟೋಸೀಮಿಯ ಎಂಬ ಹುಟ್ಟು ಕಾಯಿಲೆ ಇರುವವರು ಇದನ್ನು ಮುಟ್ಟಬಾರದು, ಬಿಡುಗಡೆಯಾಗುವುದು ಗ್ಯಾಲಕ್ಟೋಸೇ ಆದ್ದರಿಂದ. ಬೂಷ್ಟಿನ ಅಲರ್ಜಿ ಇರುವವರು, ಸಕ್ಕರೆ ಕಾಯಿಲೆಗೆ ಅಕಾರ್ಬೋಸ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಗ್ಯಾಸಿಗೆ ಕೊಡುವ ಸಿಮೆಥಿಕೋನ್ ಎಂಬ ಔಷಧ ಬೇರೆ ವಿಷಯ. ಅದು ಸಣ್ಣ ಗುಳ್ಳೆಗಳನ್ನು ಸೇರಿಸಿ ದೊಡ್ಡದು ಮಾಡುತ್ತದೆ. ಸಕ್ಕರೆಯನ್ನು ಅದು ಮುಟ್ಟುವುದಿಲ್ಲ, ಗ್ಯಾಸ್ ಹುಟ್ಟುವುದನ್ನೂ ತಡೆಯುವುದಿಲ್ಲ.

ಇಷ್ಟು ಮಾಡಿದರೂ ಕಡಿಮೆಯಾಗದಿದ್ದರೆ

ಐಬಿಎಸ್ (ಹೊಟ್ಟೆ ನೋವು, ಭೇದಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ) ಇರುವವರಿಗೆ ಮೇಲಿನ ಹೆಜ್ಜೆಗಳು ಅರ್ಧ ದಾರಿ ಮಾತ್ರ ಆಗಬಹುದು. ಅವರಿಗಾಗಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಲೋ ಫಾಡ್‌ಮ್ಯಾಪ್ ಎಂಬ ಆಹಾರ ಕ್ರಮ ಇದೆ. ಹುದುಗುವ ಸಕ್ಕರೆಗಳಿರುವ ಆಹಾರವನ್ನು 2ರಿಂದ 6 ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದಾಗಿ ವಾಪಸ್ ತಂದು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ನೋಡುವುದು ಅದರ ಕ್ರಮ. ಬಹಳ ಜನ ಮೊದಲ ಅರ್ಧ ಮಾಡಿ ಅಲ್ಲೇ ನಿಂತುಬಿಡುತ್ತಾರೆ. ವಾಪಸ್ ತರುವುದೇ ಮುಖ್ಯ ಭಾಗ. ಆಹಾರ ತಜ್ಞರ ಜೊತೆ ಮಾಡಿದರೆ ಒಳ್ಳೆಯದು.

ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಬಿಡದೆ ಬರುವ ವಾಂತಿ, ಜ್ವರ, ರಕ್ತಹೀನತೆ, ಇವುಗಳಲ್ಲಿ ಯಾವುದಿದ್ದರೂ ಕಾಳಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಇಷ್ಟು ವರ್ಷ ಇಲ್ಲದ ಉಬ್ಬರ 50 ದಾಟಿದ ಮೇಲೆ ಹೊಸದಾಗಿ ಶುರುವಾದರೂ ಅಷ್ಟೇ. ಮನೆಮದ್ದು ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಆ ಚೀಟಿ ಜೇಬಲ್ಲಿರಲಿ. ಅವರು ಕೇಳುವ ಮೊದಲ ನಾಲ್ಕು ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.